ಕುಮಾರಪರ್ವತದ ಪ್ರವಾಸ ಕೈಕೊಟ್ಟಾಗ

ಅಕ್ಟೋಬರಿನಲ್ಲಿ ಕುಮಾರಪರ್ವತ ಹತ್ತಲು ಬೆಂಗಳೂರಿನಿಂದ ಅದರ ಬುಡದ ಕುಕ್ಕೆಗೆ ಕಾರಿನಲ್ಲಿ ಹೊರಟವರಿಗೆ ಮೊದಲ ತೊಡಕು ಶಿರಾಡಿ ಘಾಟಿ. ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ ಸಕಲೇಶಪುರದಲ್ಲೇ ಟ್ಯಾಂಕ್ ತುಂಬಿಸಿ, ಬಿಸಿಲೆ ಘಾಟಿ ತೆರೆದಿದೆಯೇ ಎಂದು ವಿಚಾರಿಸಿ. ಅದು ಕಿರಿದಾದ ಕಾಡುರಸ್ತೆ, ಕತ್ತಲಾದ ಮೇಲೆ ಖಂಡಿತ ಬೇಡ. ಅದೂ ಮುಚ್ಚಿದ್ದರೆ ಮಡಿಕೇರಿ, ಸಂಪಾಜೆ, ಸುಳ್ಯದ ದಾರಿ ಹಿಡಿಯಿರಿ.

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಬೆಟ್ಟವಿರುವ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಮನಬಂದಲ್ಲಿ ಟೆಂಟ್ ಹಾಕುವಂತಿಲ್ಲ. ಕೆಳಗಿನ ಹೋಂಸ್ಟೇ ಅಂಗಳವೇ ಸರಿ. ತಗ್ಗು ಬಿಟ್ಟು ಏರುನೆಲ ಆರಿಸಿ. ಕೆಳಹಾಸು ಟೆಂಟಿನ ಅಂಚಿನಿಂದ ಹೊರಗೆ ಚಾಚಿದ್ದರೆ ಮಳೆನೀರು ಅದರ ಮೇಲೆ ನಿಂತು ಒಳಗೆ ಜಿನುಗುತ್ತದೆ. ಅಂಚನ್ನು ಒಳಕ್ಕೆ ಮಡಚಿ.

ನಿಜವಾದ ಅಪಾಯ ಸಿಡಿಲು. ಚಾರಣದ ನಡುದಾರಿಯ ಗಿರಿಗದ್ದೆ ದಾಟಿದ ಮೇಲೆ 1,712 ಮೀಟರಿನ ಶಿಖರದವರೆಗೂ ಹೆಚ್ಚಿನದು ಬಯಲು ಹುಲ್ಲುಗಾವಲು, ಹಿಂಗಾರಿನ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ನಸುಕಿನಲ್ಲೇ ಹತ್ತಿ. ಗುಡುಗು ಕೇಳಿಸಿತೋ, ಶಿಖರ ಕಣ್ಣೆದುರೇ ಇದ್ದರೂ ಇಳಿಯಿರಿ. ಒಂಟಿಮರದ ಕೆಳಗೆ ನಿಲ್ಲಬೇಡಿ. ತಲಾ 3 ಲೀಟರ್ ನೀರು, ಹೆಡ್‌ಲ್ಯಾಂಪ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಜೊತೆ ಒಣಬಟ್ಟೆ ಇರಲಿ.

ಇಂಬಳ (ಜಿಗಣೆ) ಕಚ್ಚಿದರೆ ಎಳೆಯದೆ, ಬಾಯಿಯ ಕಡೆಯಿಂದ ಉಗುರಿನಲ್ಲಿ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟಲು ಬಿಡದ ಅಂಶ ಅದರ ಎಂಜಲಲ್ಲಿದೆ, ಹಾಗಾಗಿ ಸೋರಿಕೆ ನಿಲ್ಲಲು ಸಮಯ ಬೇಕು. ಗಾಯ ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ.