ಫ್ರೀಬಿಎಸ್‌ಡಿ 13.5ರಿಂದ 14.3ಕ್ಕೆ: ಸೋರ್ಸ್‌ನಿಂದ ಅಪ್‌ಗ್ರೇಡ್ ಮಾಡಿದ ನನ್ನ ಅನುಭವ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದರ ತಿರುಳಾದ ಕರ್ನಲ್ಲೂ ಅದರ ಸುತ್ತಲಿನ ಮೂಲ ಸಾಮಾನುಗಳೂ ಒಂದೇ ಸೋರ್ಸ್ ಮರದಲ್ಲಿ, ಅಂದರೆ ಮೂಲ ಕೋಡಿನ ಒಂದೇ ಡೈರೆಕ್ಟರಿಯಲ್ಲಿ, ಇರುತ್ತವೆ. ಶೆಲ್, ಪ್ರೋಗ್ರಾಮ್‌ಗಳು ಬಳಸುವ ಲಿಬ್‌ಸಿ ಲೈಬ್ರರಿ, ಎಸ್‌ಎಸ್‌ಎಚ್, ಕ್ಲ್ಯಾಂಗ್ ಕಂಪೈಲರ್ ಎಲ್ಲವೂ ಅಲ್ಲೇ. ಕರ್ನಲ್ ಬಿಟ್ಟು ಉಳಿದದ್ದಕ್ಕೆಲ್ಲ ಒಟ್ಟಿಗೆ ‘ವರ್ಲ್ಡ್’ ಎನ್ನುತ್ತಾರೆ. ಎರಡನ್ನೂ ನಾವೇ ಕಂಪೈಲ್ ಮಾಡಿ, ಓಡುತ್ತಿರುವ ಯಂತ್ರದ ಮೇಲೆಯೇ ಕೂರಿಸಬಹುದು. ಹೆಜ್ಜೆಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಯಾವ ಹೆಜ್ಜೆ ಯಾವುದಕ್ಕೆ ಮುಂಚೆ, ಯಾಕೆ ಎಂಬುದು ತಿಳಿದಿದ್ದರೆ ಮಾತ್ರ ನಡುವೆ ಏನಾದರೂ ಕೆಟ್ಟಾಗ ಕೈ ನಡುಗುವುದಿಲ್ಲ.

ಇಡೀ ಕ್ರಮ ನಿಂತಿರುವುದು ಒಂದು ಮಾತಿನ ಮೇಲೆ: ಹೊಸ ಕರ್ನಲ್ ಹಳೆಯ ಪ್ರೋಗ್ರಾಮ್‌ಗಳನ್ನು ಓಡಿಸುತ್ತದೆ, ಹಳೆಯ ಕರ್ನಲ್ ಹೊಸ ಪ್ರೋಗ್ರಾಮ್‌ಗಳನ್ನು ಓಡಿಸುತ್ತದೆ ಎಂಬ ಭರವಸೆ ಇಲ್ಲ. 2017ರ ಮೇ ತಿಂಗಳಲ್ಲಿ ಪ್ರತಿ ಫೈಲನ್ನೂ ಗುರುತಿಸುವ ಐನೋಡ್ ಸಂಖ್ಯೆಯನ್ನು 64 ಬಿಟ್‌ಗೆ ಹಿಗ್ಗಿಸಿದಾಗ ಇದು ಎದ್ದು ಕಂಡಿತು. ಫೈಲಿನ ವಿವರ ಕೇಳುವ ಸಿಸ್ಟಮ್ ಕಾಲ್‌ಗಳೇ, ಅಂದರೆ ಪ್ರೋಗ್ರಾಮ್ ಕರ್ನಲ್ಲಿಗೆ ಕೊಡುವ ಕರೆಗಳೇ, ಹೊಸದಾದವು. ಹಳೆಯ ಕರ್ನಲ್ ಓಡುತ್ತಿರುವಾಗಲೇ ಹೊಸ ವರ್ಲ್ಡ್ ಹಾಕಿದರೆ ‘ಎಲ್‌ಎಸ್’ ಕೂಡ ‘ಬ್ಯಾಡ್ ಸಿಸ್ಟಮ್ ಕಾಲ್’ ಎಂದು ಸಾಯುತ್ತದೆ. ಆಮೇಲೆ ರಿಪೇರಿ ಮಾಡಲು ಬೇಕಾದ ‘ಸಿಪಿ’, ‘ಎಮ್‌ವಿ’ ಕೂಡ ಕೈಕೊಡುತ್ತವೆ. ಅದಕ್ಕೇ ಮೊದಲು ಕರ್ನಲ್, ನಂತರ ರೀಬೂಟ್, ಆಮೇಲೆ ವರ್ಲ್ಡ್.

ಮಾಮೂಲಿ ಜೆನೆರಿಕ್ ಕರ್ನಲ್ ಸಾಕು ಎನ್ನುವವರಿಗೆ ಸಿದ್ಧ ಫೈಲುಗಳನ್ನೇ ತರುವ ‘ಫ್ರೀಬಿಎಸ್‌ಡಿ-ಅಪ್‌ಡೇಟ್’ ಸಾಕು, ಇಷ್ಟು ಕಷ್ಟಪಡಬೇಕಿಲ್ಲ. ನನ್ನದು ಬೇಡದ ಡ್ರೈವರ್‌ಗಳನ್ನು ತೆಗೆದ ಸ್ವಂತ ಕರ್ನಲ್, ಕೆಲವು ಭಾಗಗಳನ್ನು ಬಿಟ್ಟು ಕಟ್ಟಿದ ವರ್ಲ್ಡ್. ಹಾಗಾಗಿ ಸೋರ್ಸ್ ದಾರಿಯೇ ಸರಿ. ಯಂತ್ರ ಎಂಟು ಕೋರ್‌ನ ಎಎಮ್‌ಡಿ64, 16 ಜಿಬಿ ಮೆಮೊರಿ, ಜೆಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಇರುವ ಎರಡು ಡಿಸ್ಕ್‌ಗಳ ಮಿರರ್ (ಎರಡರಲ್ಲೂ ಒಂದೇ ಮಾಹಿತಿ).

ಮೊದಲ ಕೆಲಸ ಹಿಂದಕ್ಕೆ ಬರುವ ದಾರಿ ಇಟ್ಟುಕೊಳ್ಳುವುದು. ಜೆಡ್‌ಎಫ್‌ಎಸ್‌ನಲ್ಲಿ ‘ಬಿಇಸಿಟಿಎಲ್ ಕ್ರಿಯೇಟ್’ ಎಂದು ಒಂದು ಹೆಸರು ಕೊಟ್ಟರೆ ಈಗಿನ ಸಿಸ್ಟಮ್ಮಿನ ಒಂದು ನಕಲು ಬೂಟ್ ಎನ್ವಿರಾನ್‌ಮೆಂಟ್ ಆಗಿ ಉಳಿಯುತ್ತದೆ. ಬೂಟ್ ಮೆನುವಿನಲ್ಲೇ ಅದನ್ನು ಆರಿಸಬಹುದು. ಇಲ್ಲೊಂದು ಸೂಕ್ಷ್ಮವಿದೆ. ಇನ್‌ಸ್ಟಾಲರ್ ಮಾಡುವ ಮಾಮೂಲಿ ವಿಂಗಡಣೆಯಲ್ಲಿ ‘/ಯುಎಸ್‌ಆರ್/ಎಸ್‌ಆರ್‌ಸಿ’ಗೆ ಪ್ರತ್ಯೇಕ ಡೇಟಾಸೆಟ್ (ಜೆಡ್‌ಎಫ್‌ಎಸ್‌ನೊಳಗಿನ ಬೇರೆ ವಿಭಾಗ) ಇದೆ, ‘/ಯುಎಸ್‌ಆರ್/ಒಬಿಜೆ’ಗೆ ಇಲ್ಲ. ಕಂಪೈಲ್ ಆದ ರಾಶಿಯೆಲ್ಲ ಬೀಳುವುದು ಒಬಿಜೆಯಲ್ಲಿ, ಅಂದರೆ ಬೂಟ್ ಎನ್ವಿರಾನ್‌ಮೆಂಟಿನ ಒಳಗೇ. ಹಲವು ಜಿಬಿ ಕಸ ಪ್ರತಿ ನಕಲಿನಲ್ಲೂ ಅಂಟಿಕೊಂಡು ಡಿಸ್ಕ್ ತುಂಬುತ್ತದೆ. ನಾನು ಅದಕ್ಕೆ ಬೇರೆ ಡೇಟಾಸೆಟ್ ಮಾಡಿದೆ, ಒಟ್ಟು 20 ಜಿಬಿ ಖಾಲಿ ಇದೆಯೇ ಎಂದು ನೋಡಿಕೊಂಡೇ ಶುರು ಮಾಡಿದೆ. ಜೆಡ್‌ಎಫ್‌ಎಸ್ ಬದಲು ಯುಎಫ್‌ಎಸ್ ಎಂಬ ಹಳೆಯ ಫೈಲ್‌ಸಿಸ್ಟಮ್‌ನ ಡಿಸ್ಕ್ ಇರುವವರು ‘ಡಂಪ್’ ಬ್ಯಾಕಪ್ ತೆಗೆದು, ಈಗಿನ ‘/ಬೂಟ್/ಕರ್ನಲ್’ ಡೈರೆಕ್ಟರಿಯನ್ನು ‘ಕರ್ನಲ್.ಗುಡ್’ ಎಂದು ನಕಲು ಮಾಡಿಟ್ಟುಕೊಳ್ಳಬೇಕು. ಹಿಂದಿನ ಕರ್ನಲ್ ‘ಕರ್ನಲ್.ಓಲ್ಡ್’ ಎಂದು ತಾನಾಗಿ ಉಳಿಯುತ್ತದಲ್ಲ ಎಂದು ನಂಬಿ ಕೂರಬೇಡಿ. ಕೆಟ್ಟ ಕರ್ನಲ್‌ನಿಂದ ಒಮ್ಮೆ ಬೂಟ್ ಆಗಿ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರೆ ಆ ಕೆಟ್ಟದ್ದೇ ‘ಓಲ್ಡ್’ ಆಗಿ ಕೂರುತ್ತದೆ, ಒಳ್ಳೆಯದು ಅಳಿಸಿಹೋಗುತ್ತದೆ.

ಸೋರ್ಸ್ ಈಗ ಗಿಟ್‌ನಲ್ಲಿದೆ. ‘ರೆಲೆಂಗ್/14.3’ ಎಂಬ ಬ್ರಾಂಚ್‌ನಲ್ಲಿ ಬಿಡುಗಡೆಯಾದ ರೂಪ ಮತ್ತು ಅದರ ಮೇಲಿನ ಸೆಕ್ಯುರಿಟಿ ಹಾಗೂ ಮುಖ್ಯ ದೋಷಗಳ ತಿದ್ದುಪಡಿಗಳು ಮಾತ್ರ ಇರುತ್ತವೆ. ಕೆಲಸದ ಯಂತ್ರಕ್ಕೆ ಅದೇ ಬೇಕು. ಇನ್ನೂ ಬೆಳೆಯುತ್ತಿರುವ ಕೋಡಿನ ‘ಮೇನ್’ ಬ್ರಾಂಚ್ ಮುಟ್ಟಬೇಡಿ. ಬ್ರಾಂಚ್ ಬದಲಿಸುವ ಮುಂಚೆ ‘/ವಿಎಆರ್/ಡಿಬಿ/ಇಟಿಸಿಅಪ್‌ಡೇಟ್/ಕರೆಂಟ್’ ಇದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಸೋರ್ಸ್ ಇರುವಾಗಲೇ ‘ಇಟಿಸಿಅಪ್‌ಡೇಟ್ ಎಕ್ಸ್‌ಟ್ರಾಕ್ಟ್’ ಕೊಡಬೇಕು. ಕಾನ್ಫಿಗ್ ಫೈಲುಗಳನ್ನು ಬೆಸೆಯುವ ಈ ಉಪಕರಣಕ್ಕೆ ಹಳೆಯ ಮೂಲ, ಹೊಸ ಮೂಲ, ನಮ್ಮದು ಹೀಗೆ ಮೂರೂ ಬೇಕು. ಹಳೆಯ ಮೂಲವೇ ಇಲ್ಲದಿದ್ದರೆ ಯಾವ ಬದಲಾವಣೆ ನಮ್ಮದು, ಯಾವುದು ಫ್ರೀಬಿಎಸ್‌ಡಿಯವರದು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಆಮೇಲೆ ಮರದ ಬುಡದಲ್ಲಿರುವ ‘ಅಪ್‌ಡೇಟಿಂಗ್’ ಫೈಲು. ಅದರಲ್ಲಿ ಹೊಸ ತಾರೀಕು ಮೇಲೆ, ಹಳೆಯದು ಕೆಳಗೆ. ಮೇಲಿನಿಂದ 13 ಕವಲೊಡೆದ ತಾರೀಕಿನವರೆಗೆ ನಾನು ಒಂದೂ ಬಿಡದೆ ಓದಿದೆ. 14ರಲ್ಲಿ ನನಗೆ ಮುಖ್ಯವಾದ ಬದಲಾವಣೆಗಳು ಮೂರು: ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1 ಹೋಗಿ 3.0 ಬಂದಿದೆ, ನಿರ್ವಾಹಕ ಯೂಸರ್ ಆದ ರೂಟ್‌ನ ಶೆಲ್ ‘ಸಿಎಸ್‌ಎಚ್’ ಬದಲು ‘ಎಸ್‌ಎಚ್’ ಆಗಿದೆ, ಮೇಲ್ ಕಳಿಸುವ ಕೆಲಸಕ್ಕೆ ಸೆಂಡ್‌ಮೇಲ್ ಬದಲು ಡಿಎಮ್‌ಎ ಬಂದಿದೆ. ಮೂರೂ ಮುಂದೆ ಒಂದೊಂದು ಕಡೆ ಎದುರಾದವು.

ಸ್ವಂತ ಕರ್ನಲ್ ಕಾನ್ಫಿಗ್ ಇರುವವರು ಜೆನೆರಿಕ್ ಫೈಲನ್ನು ಪೂರ್ತಿ ನಕಲು ಮಾಡಿ ತಿದ್ದುವ ಅಭ್ಯಾಸ ಬಿಡಬೇಕು. 14ರ ಜೆನೆರಿಕ್‌ನಲ್ಲಿ ‘ಕಂಪ್ಯಾಟ್_ಫ್ರೀಬಿಎಸ್‌ಡಿ13’ ಎಂಬ ಹೊಸ ಸಾಲಿದೆ. ಹಳೆಯ ಪ್ರೋಗ್ರಾಮ್‌ಗಳನ್ನು ಹೊಸ ಕರ್ನಲ್ ಓಡಿಸುತ್ತದೆ ಎಂದೆನಲ್ಲ, ಆ ಹೊಂದಾಣಿಕೆ ಕೂತಿರುವುದು ಇಂಥ ಸಾಲುಗಳಲ್ಲೇ. ಎರಡು ವರ್ಷ ಹಿಂದಿನ ನಕಲಿನಲ್ಲಿ ಅದು ಹೇಗೆ ಇದ್ದೀತು? ನನ್ನ ಫೈಲು ‘ಇನ್‌ಕ್ಲೂಡ್ ಜೆನೆರಿಕ್’ ಎಂದು ಶುರುವಾಗುತ್ತದೆ, ಕೆಳಗೆ ಬೇಡದ್ದನ್ನು ‘ನೋಡಿವೈಸ್’, ‘ನೋಆಪ್ಷನ್ಸ್’ ಎಂದು ತೆಗೆಯುತ್ತೇನೆ. ಮೂಲದಲ್ಲಿ ಹೊಸದು ಬಂದರೆ ತಾನಾಗಿ ನನಗೂ ಬರುತ್ತದೆ.

ಕಂಪೈಲ್ ಮಾಡುವುದು, ಸಂಪರ್ಕ ಕಡಿದರೂ ಕೆಲಸ ನಿಲ್ಲದ ಟಿಮಕ್ಸ್ ಒಳಗೆ, ಔಟ್‌ಪುಟ್ ಪೂರ್ತಿ ಒಂದು ಲಾಗ್ ಫೈಲಿಗೆ. ‘ಮೇಕ್ -ಜೆ8 ಬಿಲ್ಡ್‌ವರ್ಲ್ಡ್’, ಅದು ಮುಗಿದ ಮೇಲೆ ‘ಮೇಕ್ -ಜೆ8 ಬಿಲ್ಡ್‌ಕರ್ನಲ್’. ಈ ಎರಡು ಹೆಜ್ಜೆ ಓಡುವ ಸಿಸ್ಟಮ್ಮನ್ನು ಮುಟ್ಟುವುದೇ ಇಲ್ಲ, ಒಬಿಜೆಯೊಳಗೆ ಮಾತ್ರ ಬರೆಯುತ್ತವೆ. ಕರೆಂಟು ಹೋದರೂ ನಷ್ಟ ಸಮಯ ಮಾತ್ರ. ಆ ಸಮಯವನ್ನೂ ಉಳಿಸಲು ‘ಫೈಲ್‌ಮಾನ್’ ಮಾಡ್ಯೂಲ್ ಲೋಡ್ ಮಾಡಿ, ‘/ಇಟಿಸಿ/ಎಸ್‌ಆರ್‌ಸಿ-ಇಎನ್‌ವಿ.ಕಾನ್ಫ್’ನಲ್ಲಿ ‘ವಿತ್_ಮೆಟಾ_ಮೋಡ್’ ಹಾಕಿದ್ದೆ. ಆಗ ನಿಂತಲ್ಲಿಂದ ಮುಂದುವರಿಯುತ್ತದೆ. ಇದನ್ನು ‘ಎಸ್‌ಆರ್‌ಸಿ.ಕಾನ್ಫ್’ನಲ್ಲಿ ಬರೆದರೆ ಕೆಲಸ ಮಾಡುವುದಿಲ್ಲ, ಫೈಲಿನ ಹೆಸರು ಗಮನಿಸಿ.

ಕೋರ್ ಎಷ್ಟಿದ್ದರೂ ‘-ಜೆ’ ಸಂಖ್ಯೆಯನ್ನು, ಅಂದರೆ ಒಟ್ಟಿಗೆ ಓಡುವ ಕೆಲಸಗಳ ಸಂಖ್ಯೆಯನ್ನು, ಮೆಮೊರಿ ನೋಡಿ ಕೊಡಬೇಕು. ಕ್ಲ್ಯಾಂಗ್, ಎಲ್‌ಎಲ್‌ಡಿಬಿ ಡೀಬಗರ್‌ಗಳ ಲಿಂಕಿಂಗ್ ಒಂದೊಂದೇ ಜಿಬಿಗಟ್ಟಲೆ ತಿನ್ನುತ್ತದೆ. 4 ಜಿಬಿ ಯಂತ್ರದಲ್ಲಿ ನಾನು ಕೊಡುವುದು ‘-ಜೆ2’, ಜೊತೆಗೆ ‘ವಿತೌಟ್_ಎಲ್‌ಎಲ್‌ಡಿಬಿ’. ಹೆಚ್ಚು ಕೊಟ್ಟರೆ ಕರ್ನಲ್ಲೇ ಕಂಪೈಲರನ್ನು ಕೊಲ್ಲುತ್ತದೆ. ಲಾಗ್‌ನಲ್ಲಿ ಕಾಣುವುದು ಬರೀ ‘ಕಿಲ್ಡ್’, ಕಾರಣ ಸಿಗುವುದು ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸೆಜ್’ನಲ್ಲಿ. ಸಮಾನಾಂತರ ಕಂಪೈಲ್ ನಿಂತಾಗ ಲಾಗಿನ ಕೊನೆಯ ಸಾಲು ನೋಡಿ ಪ್ರಯೋಜನವಿಲ್ಲ. ನಿಜವಾದ ತಪ್ಪು ನೂರಾರು ಸಾಲು ಮೇಲಿರುತ್ತದೆ, ಉಳಿದ ಕೆಲಸಗಳು ಮುಗಿಯುವ ಸದ್ದು ಅದರ ಕೆಳಗೆ. ಮೊದಲ ‘ಎರರ್’ ಹುಡುಕಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಿಂತರೆ ತಪ್ಪು ಸೋರ್ಸ್‌ನದ್ದೋ ನಮ್ಮ ಕಾನ್ಫಿಗ್‌ನದ್ದೋ. ಪ್ರತಿ ಸಲ ಬೇರೆ ಜಾಗದಲ್ಲಿ ‘ಸಿಗ್ನಲ್ 11’ ಬಂದರೆ ಮೆಮೊರಿ ಚಿಪ್ಪನ್ನೋ ಬಿಸಿಯನ್ನೋ ಅನುಮಾನಿಸಬೇಕು.

ಯಾವ ಭಾಗ ಕಟ್ಟಬೇಕು, ಯಾವುದು ಬೇಡ ಎಂದು ಹೇಳುವ ‘ಎಸ್‌ಆರ್‌ಸಿ.ಕಾನ್ಫ್’ ಬಗ್ಗೆ ಇನ್ನೊಂದು ಮಾತು. ಬಿಲ್ಡ್ ಮಾಡುವಾಗ ಇದ್ದ ಫೈಲೇ ಇನ್‌ಸ್ಟಾಲ್ ಮಾಡುವಾಗಲೂ, ಹಳೆಯದನ್ನು ಅಳಿಸುವಾಗಲೂ ಇರಬೇಕು. ನಡುವೆ ಒಂದು ‘ವಿತೌಟ್’ ಸಾಲು ತೆಗೆದರೆ, ಕಟ್ಟದೇ ಇದ್ದದ್ದನ್ನು ಇನ್‌ಸ್ಟಾಲ್ ಮಾಡಲು ಹೋಗಿ ಅರ್ಧದಲ್ಲಿ ನಿಲ್ಲುತ್ತದೆ. ಅರ್ಧ ಹೊಸದು, ಅರ್ಧ ಹಳೆಯದಾದ ವರ್ಲ್ಡ್‌ಗಿಂತ ಕೆಟ್ಟ ಸ್ಥಿತಿ ಇಲ್ಲ.

‘ಮೇಕ್ ಇನ್‌ಸ್ಟಾಲ್‌ಕರ್ನಲ್’ ಆದ ಮೇಲೆ ರೀಬೂಟ್‌ಗೆ ಮುಂಚೆ ‘ಆರ್‌ಸಿ.ಕಾನ್ಫ್’ ತೆರೆದು ಬೂಟ್ ಆಗುವಾಗ ಲೋಡ್ ಆಗುವ ಮಾಡ್ಯೂಲ್‌ಗಳ ಪಟ್ಟಿ ‘ಕೆಎಲ್‌ಡಿ_ಲಿಸ್ಟ್’ ನೋಡಿದೆ. ಹೊರಗಿನ ಸಾಫ್ಟ್‌ವೇರ್‌ಗಳ ಸಂಗ್ರಹವಾದ ಪೋರ್ಟ್ಸ್‌ನಿಂದ ಬಂದ ಮಾಡ್ಯೂಲ್‌ಗಳು, ಅಂದರೆ ಡಿಆರ್‌ಎಮ್ ಗ್ರಾಫಿಕ್ಸ್, ಎನ್ವಿಡಿಯಾ, ವರ್ಚುವಲ್‌ಬಾಕ್ಸ್ ಇಂಥವು, ಹಳೆಯ ಕರ್ನಲ್ಲಿಗೆ ಕಟ್ಟಿದವು. ಹೊಸದರಲ್ಲಿ ಲೋಡ್ ಮಾಡಲು ಹೋದಾಗ ಅದೃಷ್ಟವಿದ್ದರೆ ‘ವರ್ಷನ್ ಮಿಸ್‌ಮ್ಯಾಚ್’, ಇಲ್ಲದಿದ್ದರೆ ಪ್ಯಾನಿಕ್, ಅಂದರೆ ಕರ್ನಲ್ಲೇ ಕುಸಿಯುತ್ತದೆ. ಆ ಸಾಲಿಗೆ ಒಂದು ಹ್ಯಾಶ್ ಗುರುತು ಹಾಕಿ ಸುಮ್ಮನಾಗಿಸಿ, ಪ್ಯಾಕೇಜ್‌ಗಳೆಲ್ಲ ಹೊಸದಾದ ಮೇಲೆ ತೆಗೆದೆ.

ರೀಬೂಟ್ ಸಿಂಗಲ್ ಯೂಸರ್‌ಗೆ, ಅಂದರೆ ಸರ್ವೀಸ್‌ಗಳು ಏಳದ ರಿಪೇರಿ ಸ್ಥಿತಿಗೆ. ಇದನ್ನು ಹಲವರು ಹಳೆಯ ಶಾಸ್ತ್ರ ಎಂದು ಬಿಡುತ್ತಾರೆ. ಕಾರಣಗಳು ಗಟ್ಟಿಯಾಗಿವೆ: ಬದಲಾಗುವ ಲೈಬ್ರರಿಗಳನ್ನು ಬಳಸುವ ಸರ್ವೀಸ್‌ಗಳು ಆಗ ಓಡುತ್ತಿರುವುದಿಲ್ಲ; ಕರ್ನಲ್ಲಿನ ಭದ್ರತಾ ಮಟ್ಟವಾದ ಸೆಕ್ಯೂರ್‌ಲೆವೆಲ್ ಏರಿಸಿರುವ ಯಂತ್ರದಲ್ಲಿ ‘ಲಿಬ್‌ಸಿ.ಎಸ್‌ಒ.7’ರ ಮೇಲಿನ ಅಳಿಸಲಾಗದ ಗುರುತನ್ನು ತೆಗೆಯಲು ಸಿಂಗಲ್ ಯೂಸರ್‌ನಲ್ಲಿ ಮಾತ್ರ ಸಾಧ್ಯ. ಅಲ್ಲಿ ರೂಟ್ ಫೈಲ್‌ಸಿಸ್ಟಮ್ ಓದಲಷ್ಟೇ ತೆರೆದಿರುತ್ತದೆ. ‘ಮೌಂಟ್ -ಯು /’, ‘ಜೆಡ್‌ಎಫ್‌ಎಸ್ ಮೌಂಟ್ -ಎ’ ಕೊಟ್ಟು, ಯಂತ್ರದ ಗಡಿಯಾರ ನಮ್ಮ ಸ್ಥಳೀಯ ಸಮಯದಲ್ಲಿದ್ದರೆ ‘ಎಡಿಜೆಕೆರ್ನ್‌ಟಿಜೆಡ್ -ಐ’ ಕೂಡ ಕೊಡಬೇಕು. ಮೇಕ್ ನಿರ್ಧಾರ ಮಾಡುವುದೇ ಫೈಲುಗಳ ಸಮಯ ನೋಡಿ. ಗಡಿಯಾರ ಐದೂವರೆ ಗಂಟೆ ಆಚೀಚೆಯಾದರೆ ಇನ್‌ಸ್ಟಾಲ್ ನಡುವೆ ಮತ್ತೆ ಕಂಪೈಲ್ ಮಾಡಲು ಹೊರಡುತ್ತದೆ.

‘ಇಟಿಸಿಅಪ್‌ಡೇಟ್ -ಪಿ’ ಮೊದಲು. ಹೊಸ ವರ್ಲ್ಡ್ ಕೆಲವು ಫೈಲುಗಳನ್ನು ಹೊಸ ಯೂಸರ್, ಗ್ರೂಪ್‌ಗಳ ಹೆಸರಿನಲ್ಲಿ ಇಡಬೇಕಾಗುತ್ತದೆ. ಅವು ಇಲ್ಲದಿದ್ದರೆ ಇನ್‌ಸ್ಟಾಲ್ ನಿಲ್ಲುತ್ತದೆ. ಆಮೇಲೆ ‘ಮೇಕ್ ಇನ್‌ಸ್ಟಾಲ್‌ವರ್ಲ್ಡ್’. ಇಡೀ ಪ್ರಕ್ರಿಯೆಯಲ್ಲಿ ಕರೆಂಟು ಹೋಗಬಾರದ ಕೆಲವು ನಿಮಿಷ ಇವು, ಯುಪಿಎಸ್ ಬ್ಯಾಟರಿ ನೋಡಿಕೊಂಡೇ ಶುರು ಮಾಡಿ. ‘/ಟಿಎಮ್‌ಪಿ’ಯನ್ನು ‘ನೋಎಕ್ಸೆಕ್’ ಎಂದು ಮೌಂಟ್ ಮಾಡಿದ್ದರೆ ಇದು ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ತನಗೆ ಬೇಕಾದ ಉಪಕರಣಗಳನ್ನು ಮೊದಲು ಅಲ್ಲಿಗೆ ನಕಲು ಮಾಡಿಕೊಂಡು, ಅಲ್ಲಿಂದಲೇ ಓಡಿಸುವುದು ಅದರ ಕ್ರಮ.

ಈಗ ‘ಇಟಿಸಿಅಪ್‌ಡೇಟ್ -ಬಿ’, ದೊಡ್ಡಕ್ಷರದ ಬಿ. ಅತಿ ಹೆಚ್ಚು ಜನ ಬಾಗಿಲು ಹಾಕಿಸಿಕೊಳ್ಳುವುದು ಇಲ್ಲೇ. ಯೂಸರ್‌ಗಳ ಪಟ್ಟಿಯಿರುವ ‘ಮಾಸ್ಟರ್.ಪಾಸ್‌ಡಬ್ಲ್ಯುಡಿ’ಯಲ್ಲಿ ಡಿಕ್ಕಿ ಖಂಡಿತ: ರೂಟ್‌ನ ಸಾಲಿನಲ್ಲಿ ನಾವು ಪಾಸ್‌ವರ್ಡ್ ಬದಲಿಸಿದ್ದೇವೆ, ಅವರು ಅದೇ ಸಾಲಿನ ಕೊನೆಯಲ್ಲಿ ಶೆಲ್ ಬದಲಿಸಿದ್ದಾರೆ. ‘ಇಟಿಸಿಅಪ್‌ಡೇಟ್ ರಿಸಾಲ್ವ್’ ಕೊಟ್ಟಾಗ ಕೇಳುವ ಪ್ರಶ್ನೆಗೆ ‘ಟಿಎಫ್’ ಎಂದು ಒತ್ತಿದರೆ ಅವರ ಫೈಲು ಪೂರ್ತಿಯಾಗಿ ಬರುತ್ತದೆ. ಅದರಲ್ಲಿ ರೂಟ್‌ಗೆ ಪಾಸ್‌ವರ್ಡ್ ಖಾಲಿ, ನಮ್ಮ ಯೂಸರ್‌ಗಳು ಒಬ್ಬರೂ ಇಲ್ಲ. ‘ಇ’ ಒತ್ತಿ ಎಡಿಟರ್‌ನಲ್ಲೇ ತೆರೆಯಬೇಕು. ‘ಯುವರ್ಸ್’ ಭಾಗದಲ್ಲಿರುವ ನಮ್ಮ ಸಾಲು ಉಳಿಸಿ, ಕೊನೆಯ ಕೋಲನ್ ನಂತರದ ‘/ಬಿನ್/ಸಿಎಸ್‌ಎಚ್’ ಜಾಗಕ್ಕೆ ‘/ಬಿನ್/ಎಸ್‌ಎಚ್’ ಬರೆದು, ಬಾಣದ ಗುರುತಿನ ಸಾಲುಗಳನ್ನೆಲ್ಲ ಅಳಿಸಿ, ಹೊರಬಂದು ‘ಆರ್’ ಒತ್ತಿದೆ. ಆಮೇಲೆ ‘ಐಡಿ’ ಎಂದು ನನ್ನ ಯೂಸರ್ ಹೆಸರು ಕೊಟ್ಟು, ಉತ್ತರ ಬಂದ ಮೇಲೆಯೇ ಮುಂದಿನ ಹೆಜ್ಜೆ.

ಡಿಕ್ಕಿಯಾದ ಫೈಲು ಕೂಗಿ ಹೇಳುತ್ತದೆ. ನಾವು ಮುಟ್ಟದೇ ಬಿಟ್ಟಿದ್ದ ಫೈಲುಗಳು ಸದ್ದಿಲ್ಲದೆ ಬದಲಾಗುತ್ತವೆ, ನನಗೆ ಹೆಚ್ಚು ಎಚ್ಚರ ಬೇಕೆನಿಸುವುದು ಅವುಗಳ ಬಗ್ಗೆ. ‘ಮೇಲರ್.ಕಾನ್ಫ್’ ಹಾಗೆಯೇ ಡಿಎಮ್‌ಎ ಕಡೆ ತಿರುಗಿಬಿಡುತ್ತದೆ. ಸೆಂಡ್‌ಮೇಲ್ ನಂಬಿದ ಯಂತ್ರದಲ್ಲಿ ಮರುದಿನ, ನಿಗದಿತ ಕೆಲಸಗಳನ್ನು ಓಡಿಸುವ ಕ್ರಾನ್‌ನ ಮೇಲ್ ಬಾರದಿದ್ದಾಗಲೇ ಗೊತ್ತಾಗುವುದು.

‘ಮೇಕ್ ಡಿಲೀಟ್-ಓಲ್ಡ್’ ಈಗಲೇ ಮಾಡಬಹುದು. ‘ಡಿಲೀಟ್-ಓಲ್ಡ್-ಲಿಬ್ಸ್’ ಮಾತ್ರ ಈಗ ಬೇಡ. ಪ್ಯಾಕೇಜ್‌ಗಳೆಲ್ಲ ಇನ್ನೂ ಹಳೆಯ ‘ಲಿಬ್‌ಕ್ರಿಪ್ಟೊ.ಎಸ್‌ಒ.111’ ಹಿಡಿದುಕೊಂಡಿವೆ, ಹೊಸ ವರ್ಲ್ಡ್‌ನಲ್ಲಿರುವುದು ‘ಎಸ್‌ಒ.30’. ಹಳೆಯದನ್ನು ಅಳಿಸಿದ ಕ್ಷಣ ಕರ್ಲ್, ಪೈಥಾನ್ ಎಲ್ಲ ‘ಶೇರ್ಡ್ ಆಬ್ಜೆಕ್ಟ್ ನಾಟ್ ಫೌಂಡ್’ ಎಂದು ಮಲಗುತ್ತವೆ. ಆದ್ದರಿಂದ ಮೊದಲು ಮಾಮೂಲಿಯಾಗಿ ರೀಬೂಟ್, ನಂತರ ‘ಪಿಕೆಜಿ ಬೂಟ್‌ಸ್ಟ್ರ್ಯಾಪ್ -ಎಫ್’, ‘ಪಿಕೆಜಿ ಅಪ್‌ಗ್ರೇಡ್ -ಎಫ್’, ಸರ್ವೀಸ್‌ಗಳೆಲ್ಲ ಎದ್ದಿವೆಯೇ ಎಂದು ನೋಡುವುದು, ಕೊನೆಗೆ ಲೈಬ್ರರಿ ಅಳಿಸುವುದು. ಆತುರಪಟ್ಟು ಅಳಿಸಿ ‘ಪಿಕೆಜಿ’ಯೇ ಓಡದಾದರೆ ‘ಪಿಕೆಜಿ-ಸ್ಟ್ಯಾಟಿಕ್’ ಇದೆ. ಅದು ಯಾವ ಲೈಬ್ರರಿಯನ್ನೂ ಕೇಳುವುದಿಲ್ಲ.

ದೂರದ ಸರ್ವರ್‌ನಲ್ಲಿ ಸಿಂಗಲ್ ಯೂಸರ್ ಕನ್ಸೋಲ್ ಇಲ್ಲದಿದ್ದರೆ ನಾನು ಮಾಡುವ ಕ್ರಮ ಬೇರೆ. ಹೊಸ ಬೂಟ್ ಎನ್ವಿರಾನ್‌ಮೆಂಟ್ ಮಾಡಿ ‘/ಎಮ್‌ಎನ್‌ಟಿ’ಯಲ್ಲಿ ಮೌಂಟ್ ಮಾಡುತ್ತೇನೆ. ಕರ್ನಲ್, ವರ್ಲ್ಡ್ ಎರಡನ್ನೂ ‘ಡೆಸ್ಟ್‌ಡಿರ್=/ಎಮ್‌ಎನ್‌ಟಿ’ ಎಂದು ಅಲ್ಲೇ ಕೂರಿಸಿ, ಇಟಿಸಿಅಪ್‌ಡೇಟ್‌ಗೆ ‘-ಡಿ /ಎಮ್‌ಎನ್‌ಟಿ’ ಕೊಡುತ್ತೇನೆ, ಇದೂ ದೊಡ್ಡಕ್ಷರ. ಓಡುತ್ತಿರುವ ಸಿಸ್ಟಮ್ ಮುಟ್ಟುವುದೇ ಇಲ್ಲವಾದ್ದರಿಂದ ಕರ್ನಲ್ ಮೊದಲೋ ವರ್ಲ್ಡ್ ಮೊದಲೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಎರಡೂ ಒಟ್ಟಿಗೆ ಎದ್ದೇಳುತ್ತವೆ. ‘ಬಿಇಸಿಟಿಎಲ್ ಆಕ್ಟಿವೇಟ್ -ಟಿ’ ಅದನ್ನು ಒಂದೇ ಒಂದು ಬೂಟ್‌ಗೆ ಆರಿಸುತ್ತದೆ. ಏಳದಿದ್ದರೆ ಪವರ್ ತೆಗೆದು ಹಾಕಿಸಿದರೆ ಸಾಕು, ಹಳೆಯದು ಬರುತ್ತದೆ. ಮಾಡಬಾರದ್ದು ಒಂದೇ: ಹಳೆಯ ಕರ್ನಲ್ ಮೇಲಿರುವಾಗ ‘/ಎಮ್‌ಎನ್‌ಟಿ’ಯನ್ನೇ ರೂಟ್ ಡೈರೆಕ್ಟರಿ ಎಂದು ತೋರಿಸುವ ‘ಸಿಎಚ್‌ರೂಟ್’ ಕೊಟ್ಟು ಪ್ಯಾಕೇಜ್ ಹಾಕಲು ಹೋಗುವುದು.

ಬೂಟ್ ಲೋಡರ್ ತಾನಾಗಿ ಹೊಸದಾಗುವುದಿಲ್ಲ. ಇನ್‌ಸ್ಟಾಲ್‌ವರ್ಲ್ಡ್ ‘/ಬೂಟ್/ಲೋಡರ್.ಇಎಫ್‌ಐ’ ಬದಲಿಸುತ್ತದೆ, ಆದರೆ ಯಂತ್ರ ಮೊದಲು ಓದುವುದು ಡಿಸ್ಕಿನ ಬೂಟ್ ವಿಭಾಗವಾದ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ನಕಲನ್ನು. ಅಲ್ಲಿಗೆ ಕೈಯಾರೆ ಕಾಪಿ ಮಾಡಬೇಕು. ಮಿರರ್ ಆದ್ದರಿಂದ ನಾನು ಎರಡೂ ಡಿಸ್ಕ್‌ಗೆ ಮಾಡಿದೆ. ಹಳೆಯ ಬಯಾಸ್ ಯಂತ್ರಗಳಲ್ಲಿ ‘ಜಿಪಾರ್ಟ್ ಬೂಟ್‌ಕೋಡ್’ ಬಳಸುವಾಗ ‘-ಐ’ ನಂತರದ ಸಂಖ್ಯೆಯನ್ನು ‘ಜಿಪಾರ್ಟ್ ಶೋ’ ನೋಡಿ ಬರೆಯಿರಿ. ಆ ಸಂಖ್ಯೆ ಇಎಫ್‌ಐ ಪಾರ್ಟಿಷನ್ನಿನದ್ದಾದರೆ ಅದರ ಫ್ಯಾಟ್ ಫೈಲ್‌ಸಿಸ್ಟಮ್ ಮೇಲೆಯೇ ಬರೆದುಬಿಡುತ್ತದೆ.

ಇಷ್ಟಾದ ಮೇಲೆ ‘ಫ್ರೀಬಿಎಸ್‌ಡಿ-ವರ್ಷನ್ -ಕೆಆರ್‌ಯು’ ಕೊಟ್ಟರೆ ಮೂರು ಸಾಲು ಬರುತ್ತದೆ: ಡಿಸ್ಕ್‌ನಲ್ಲಿರುವ ಕರ್ನಲ್, ಓಡುತ್ತಿರುವ ಕರ್ನಲ್, ವರ್ಲ್ಡ್. ಮೂರರಲ್ಲೂ 14.3 ಇರಬೇಕು. ‘ಜೆಡ್‌ಪೂಲ್ ಸ್ಟೇಟಸ್’ ಕೊಟ್ಟಾಗ, ಪೂಲನ್ನು (ಡಿಸ್ಕ್‌ಗಳು ಸೇರಿದ ಜೆಡ್‌ಎಫ್‌ಎಸ್ ಗುಂಪನ್ನು) ಅಪ್‌ಗ್ರೇಡ್ ಮಾಡಿ ಎಂಬ ಸೂಚನೆ ಕಾಣುತ್ತದೆ. ಅದನ್ನು ನಾನು ಎರಡು ವಾರ ಹಾಗೇ ಬಿಟ್ಟೆ. ಅದು ಹಿಂತಿರುಗದ ಹೆಜ್ಜೆ. ಹೊಸ ಫೀಚರ್‌ಗಳು ಸಕ್ರಿಯವಾದರೆ 13.5ರ ಕರ್ನಲ್ ಆ ಪೂಲನ್ನು ತೆರೆಯಲಾರದು, ಜೋಪಾನವಾಗಿಟ್ಟ ಹಳೆಯ ಬೂಟ್ ಎನ್ವಿರಾನ್‌ಮೆಂಟ್ ಇದ್ದೂ ಇಲ್ಲದಂತೆ. ಲೋಡರ್ ಹಳೆಯದೇ ಉಳಿದಿದ್ದರೆ ಬೂಟ್ ‘ಅನ್‌ಸಪೋರ್ಟೆಡ್ ಫೀಚರ್’ ಎಂದು ಅಲ್ಲೇ ನಿಲ್ಲುತ್ತದೆ. ಎರಡು ವಾರ ಎಲ್ಲ ಸರ್ವೀಸ್ ಸರಿಯಾಗಿ ನಡೆದ ಮೇಲೆ, ಎರಡೂ ಡಿಸ್ಕಿನ ಲೋಡರ್ ಇನ್ನೊಮ್ಮೆ ಹೋಲಿಸಿ ನೋಡಿ, ‘ಜೆಡ್‌ಪೂಲ್ ಅಪ್‌ಗ್ರೇಡ್’ ಕೊಟ್ಟೆ. ಆಮೇಲೆಯೇ 13.5ರ ಬೂಟ್ ಎನ್ವಿರಾನ್‌ಮೆಂಟನ್ನು ‘ಬಿಇಸಿಟಿಎಲ್ ಡೆಸ್ಟ್ರಾಯ್’ ಮಾಡಿದ್ದು.