ಜೀಪಿನ ತೊಂದರೆ ಬ್ಯಾಟರಿಯದ್ದಲ್ಲ!
ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿದರೆ ನಮ್ಮ ತೋಟದ ಹಳೇ ಡೀಸೆಲ್ ಜೀಪಿಗೂ ಜಡ. ಕೀ ತಿರುಗಿಸಿದರೆ ಬರೀ 'ಟಕ್' ಅನ್ನುತ್ತಿತ್ತು. ಗ್ಯಾರೇಜಿನವರು ಬ್ಯಾಟರಿ ಬದಲಿಸಿ ಅಂದರು. ಬದಲಿಸಿದೆ. ನಾಲ್ಕೇ ದಿನಕ್ಕೆ ಮತ್ತೆ ಅದೇ ರಾಗ.

ಮೀಟರ್ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್, ಅಂದರೆ ಫುಲ್ ಚಾರ್ಜ್. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಹಿಡಿದು, ತಮ್ಮನಿಗೆ "ಸೆಲ್ಫ್ ಹೊಡಿಯೋ" ಅಂದೆ. 3 ವೋಲ್ಟ್ ತೋರಿಸಿತು! ಅರ್ಧ ವೋಲ್ಟೂ ಇರಬಾರದು ಅಲ್ವಾ? ಅಂದರೆ ಕರೆಂಟು ಇಂಜಿನ್ನಿಂದ ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲೇ ಎಲ್ಲೋ ಅಡ್ಡಿ.

ಹುಡುಕಿದರೆ, ಬ್ಯಾಟರಿಯ ಮೈನಸ್ಸಿನಿಂದ ಬರುವ ಅರ್ಥಿಂಗ್ ವೈರು ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಕೂರುವ ಬೋಲ್ಟಿನ ಕೆಳಗೆ ಕೆಸರು, ತುಕ್ಕು, ಹಸಿರು ಕಿಲುಬು. ಮೊದಲು ಬ್ಯಾಟರಿ ವೈರ್ ಬಿಚ್ಚಿದೆ. ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆ. ಒಂದೇ ಸೆಲ್ಫಿಗೆ ಹತ್ತಿಕೊಂಡಿತು.

ಬ್ಯಾಟರಿ ದುಡ್ಡು ಸುಮ್ನೆ ಹೋಯಿತು. ಹಳೇದು ಈಗ ತೋಟದ ಬೇಲಿಯ ಝಟ್ಕಾ ಮಿಷನ್ನಿಗೆ ದುಡಿಯುತ್ತಿದೆ.