ತಿರುಗುವಾಗ ಕೇಳಿದ ಕಟಕಟ ಸದ್ದು

ಪಾರ್ಕಿಂಗ್‌ನಿಂದ ಕಾರು ಹೊರತೆಗೆಯುವಾಗ ಮೊದಲ ಸಲ ಕೇಳಿಸಿತು. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಬಲಚಕ್ರದ ಕಡೆಯಿಂದ ಕಟ್ ಕಟ್ ಕಟ್. ನೇರಕ್ಕೆ ಬಂದ ಕೂಡಲೇ ಸದ್ದು ಇಲ್ಲ. ಟೈರಿಗೆ ಕಲ್ಲು ಸಿಕ್ಕಿರಬೇಕು ಅಂದುಕೊಂಡು ಎರಡು ವಾರ ಹಾಗೇ ಓಡಿಸಿದೆ. ಹಾಗೆ ಮಾಡಬಾರದಿತ್ತು.

ಆಮೇಲೆ ಖಾಲಿ ಜಾಗ ನೋಡಿ, ಕಿಟಕಿ ಇಳಿಸಿ, ನಿಧಾನವಾಗಿ ಎರಡೂ ಕಡೆ ಸುತ್ತು ಹೊಡೆದೆ. ಎಡಕ್ಕೆ ಸುತ್ತಿದಾಗ ಮಾತ್ರ ಸದ್ದು. ಸಾಮಾನ್ಯವಾಗಿ ತಿರುವಿನ ಹೊರಬದಿಯ ಚಕ್ರದ ಮೇಲೆ ಭಾರ ಜಾಸ್ತಿ, ಹಾಗಾಗಿ ಅನುಮಾನ ಬಲಗಡೆಯ ಆಕ್ಸಲ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್) ಮೇಲೆಯೇ ಹೋಯಿತು. ವೇಗ ಹೆಚ್ಚಿದಂತೆ ಸದ್ದಿನ ಲಯವೂ ಚುರುಕಾಗುತ್ತಿತ್ತು. ವೀಲ್ ಬೇರಿಂಗ್ ಕೆಟ್ಟಿದ್ದರೆ ಹೀಗಿರಲ್ಲ. ಅದು ನೇರ ರಸ್ತೆಯಲ್ಲೂ ಒಂದೇ ಸಮನೆ ಗೊಂಯ್ ಅನ್ನುತ್ತದೆ.

ಕಾರನ್ನು ಜಾಕ್‌ನಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ), ಟಾರ್ಚ್ ಹಿಡಿದು ನೋಡಿದೆ. ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಎರಚಿತ್ತು. ಆಕ್ಸಲ್‌ನ ಎರಡೂ ತುದಿಗೆ ಸಿವಿ ಜಾಯಿಂಟ್ ಅನ್ನುವ ಬಾಗುವ ಕೀಲು ಇರುತ್ತದೆ. ಚಕ್ರದ ಕಡೆಯ, ಅಂದರೆ ಹೊರಗಿನ ಜಾಯಿಂಟಿಗೆ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟ್ ಇರುತ್ತದಲ್ವಾ, ಅದರ ಒಂದು ಮಡಿಕೆ ಬೆರಳುದ್ದ ಸೀಳಿತ್ತು. ಒಳಗಿನ ಗ್ರೀಸ್ ಸ್ವಲ್ಪ ತೆಗೆದು ಹೆಬ್ಬೆರಳಲ್ಲಿ ಉಜ್ಜಿದೆ. ಮರಳಿನ ಹಾಗೆ ಕಿರಕಿರ ಅಂದಿತು.

ಆಗಲೇ ಗೊತ್ತಾಯಿತು, ಇದು ಬೂಟ್ ಬದಲಾಯಿಸಿದರೆ ಮುಗಿಯುವ ಕೆಲಸ ಅಲ್ಲ. ಜಾಯಿಂಟ್ ಒಳಗೆ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳು ತಮ್ಮ ತಮ್ಮ ತೋಡಿನಲ್ಲಿ ಜಾರುತ್ತಿರುತ್ತವೆ. ಬೂಟ್ ಹರಿದರೆ ಗ್ರೀಸ್ ಹೊರಗೆ, ನೀರು ಧೂಳು ಒಳಗೆ. ತೋಡು ಸವೆದು ಗುಳಿ ಬಿದ್ದಮೇಲೆ ಗುಂಡು ಜಾರದೆ ಕುಪ್ಪಳಿಸುತ್ತದೆ. ಚಕ್ರ ವಾರೆಯಾದಾಗ ಕೇಳುವ ಕಟಕಟ ಅದೇ. ಹೊಸ ಗ್ರೀಸ್ ತುಂಬಿದರೂ ಸವೆದ ಲೋಹ ವಾಪಸ್ ಬರಲ್ಲ.

ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್ ಸವೆದರೆ ಲಕ್ಷಣ ಬೇರೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಮುಂದಿನ ಗೇರ್‌ನಿಂದ ರಿವರ್ಸ್‌ಗೆ ಹೋಗುವಾಗ ಠಣ್ ಅನ್ನುವುದೂ ಉಂಟು. ಶಾಫ್ಟ್ ಹಿಡಿದು ಒಳಗೆ ಹೊರಗೆ ಎಳೆದಾಗ ಸ್ವಲ್ಪ ಸರಿದರೆ ಗಾಬರಿ ಬೇಡ, ಒಳ ಜಾಯಿಂಟ್ ಇರುವುದೇ ಹಾಗೆ. ತಿರುಚಿದಾಗ ಲಟಲಟ ಅಂದರೆ ಮಾತ್ರ ಅನುಮಾನ ಪಡಬೇಕು.

ಇಡೀ ಆಕ್ಸಲ್ ಬದಲಾಯಿಸಿದೆ. ಆಕ್ಸಲನ್ನು ಚಕ್ರದ ನಡುವೆ ಬಿಗಿಯುವ ಹಳೇ ಹಬ್ ನಟ್ ಮತ್ತೆ ಹಾಕಲಿಲ್ಲ. ಹೊಸದನ್ನೇ ಹಾಕಿ, ಕಾರಿನ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿದೆ. ಆಕ್ಸಲ್ ಎಳೆದಾಗ ಗೇರ್ ಆಯಿಲ್ ಸೋರಿತ್ತು, ಅಷ್ಟನ್ನೂ ತುಂಬಿಸಿದೆ.

ಅದೇ ದಿನ ಎಡಗಡೆಯ ಬೂಟನ್ನೂ ಬೆರಳಿಂದ ಅಗಲಿಸಿ ನೋಡಿದೆ. ಮಡಿಕೆಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಗ್ರೀಸ್ ಇನ್ನೂ ಹೊರಗೆ ಬಂದಿರಲಿಲ್ಲ. ಬೂಟ್, ಗ್ರೀಸ್, ಕ್ಲ್ಯಾಂಪ್ ಮಾತ್ರ ಹೊಸದು ಹಾಕಿದೆ. ಆ ಜಾಯಿಂಟ್ ಇವತ್ತಿಗೂ ಸದ್ದಿಲ್ಲದೆ ತಿರುಗುತ್ತಿದೆ.